ಈಜು ಬಾರದವಳು ಜಪಾನಿನ ಸಮುದ್ರದಲ್ಲಿ ಕಯಾಕ್ ಹತ್ತಬಹುದಾ?

ಉಣಕಲ್ ಅಕ್ಕ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನಗೆ 51 ವಯಸ್ಸು. ಮಗ ಸೊಸೆ ಯೊಕೊಹಾಮಾದಲ್ಲಿದ್ದಾರೆ. ಅಕ್ಟೋಬರ್‌ನಲ್ಲಿ ಮೂರು ವಾರ ಅವರ ಮನೆಗೆ ಹೊರಟಿದ್ದೇನೆ. ನಿನ್ನೆ ರಾತ್ರಿ ಮಗ ಫೋನಿನಲ್ಲಿ, ತರಕಾರಿ ರೇಟು ಹೇಳಿದಷ್ಟು ಸಲೀಸಾಗಿ ಹೇಳಿದ: "ಅವ್ವಾ, ಹಯಾಮಾ ಅಂತ ಊರೈತಿ. ಅಲ್ಲಿ ಸಮುದ್ರದಾಗ ಕಯಾಕ್ ಹೊಡಿಯಾಕ ಮೂರೂ ಮಂದಿ ಹೆಸರು ಬರಸೇನಿ." ಅರ್ಧ ದಿನದ್ದಂತೆ. ಗೈಡ್ ಜೊತೆಗೇ ಇರುತ್ತಾರಂತೆ. ಹೊಸಬರಿಗೆ ಅಂತಲೇ ಇರುವುದಂತೆ.

ನನಗೆ ಈಜು ಬರುವುದಿಲ್ಲ. ನೀರಿನ ಮೇಲೆ ಹೋಗಿದ್ದೆಂದರೆ ಉಣಕಲ್ ಕೆರೆಯ ಪೆಡಲ್ ದೋಣಿ, ಅದೂ ದಂಡೆ ಬಿಟ್ಟು ದೂರ ಹೋಗಲು ಬಿಡಲಿಲ್ಲ ನಾನು. ಯೂಟ್ಯೂಬಿನಲ್ಲಿ ಕಯಾಕ್ ನೋಡಿದೆ. ಒಂದು ತೂತಿನೊಳಗೆ ಸೊಂಟದ ತನಕ ಇಳಿದು ಕೂರುತ್ತಾರೆ, ಮೇಲೆ ಬಟ್ಟೆ ಬಿಗಿಯುತ್ತಾರೆ. ಮಗುಚಿದರೆ ತಲೆ ಕೆಳಗೆ, ಕಾಲು ಒಳಗೆ! ಆವಾಗಿನಿಂದ ನಿದ್ದೆ ಸರಿಯಿಲ್ಲ. ಬೇಡ ಅಂದರೆ ಮಗನ ಮುಖ ಸಣ್ಣದಾಗುತ್ತದೆ.

ಯಾರಾದರೂ ಹೋಗಿ ಬಂದಿದ್ದೀರಾ? ಬಿಪಿ ಗುಳಿಗೆ ತೆಗೆದುಕೊಳ್ಳುತ್ತೇನೆ. ಬಲ ಮೊಣಕಾಲು ಆಗಾಗ ಹಿಡಿಯುತ್ತದೆ. ಏನು ಹಾಕಿಕೊಂಡು ಹೋಗಬೇಕು ಅನ್ನುವುದೂ ಗೊತ್ತಿಲ್ಲ. ಸೀರೆಯಂತೂ ಅಲ್ಲ, ಅಷ್ಟು ಗೊತ್ತು.

ಹೆಗ್ಗೇರಿ ಹುಡುಗ, ಹಾವೇರಿ

ಅಕ್ಕಾರೇ, ನಾನು ದಾಂಡೇಲಿ ಕಡೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿದ್ದೇನೆ. ಲೈಫ್ ಜಾಕೆಟ್ ಇದ್ದರೆ ಏನೂ ಆಗಲ್ಲ. ಸುಮ್ನೆ ಹೋಗಿ ಬನ್ನಿ. ವಿಡಿಯೋ ಮಾತ್ರ ಮಾಡಿಸಿಕೊಳ್ಳಿ.

ಬೆಟಗೇರಿ ಲಾಳಿ, ಗದಗ

ತಮ್ಮಾ, ನದಿಯ ರಾಫ್ಟು ಬೇರೆ, ಸಮುದ್ರದ ಕಯಾಕು ಬೇರೆ. ನದಿ ನಿನ್ನನ್ನು ಒಯ್ಯುತ್ತದೆ. ಇಲ್ಲಿ ನೀನೇ ದೋಣಿ ಒಯ್ಯಬೇಕು, ವಾಪಸ್ಸೂ ನೀನೇ ತರಬೇಕು.

ಅಕ್ಕಾರೇ, ಹೋದ ವರ್ಷ ಇದೇ ಹಯಾಮಾದಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿ ಬಂದೆವು. ಮಗಳು ಅಲ್ಲೇ ಹತ್ತಿರ ಕೆಲಸದಲ್ಲಿದ್ದಾಳೆ. ನನಗೆ 56, ಹೊಟ್ಟೆ ಇದೆ. ಬಾವಿಯಲ್ಲಿ ಈಜು ಕಲಿತವನು. ಹೆಂಡತಿಗೆ ಈಜು ಬರುವುದಿಲ್ಲ. ಅವಳೇ ನನಗಿಂತ ಚೆನ್ನಾಗಿ ನಡೆಸಿದಳು, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ನಮಗೆ ಕೊಟ್ಟಿದ್ದು ಇಬ್ಬರು ಕೂರುವ ದೋಣಿ. ಒಬ್ಬರದ್ದಕ್ಕಿಂತ ಅಗಲ. ಅಲುಗಾಡುತ್ತದೆ, ಆದರೆ ಸುಲಭಕ್ಕೆ ಮಗುಚುವುದಿಲ್ಲ. ಕೂರುವ ತೂತೂ ದೊಡ್ಡದೇ ಇತ್ತು. ಸೊಂಟಕ್ಕೆ ಬಿಗಿಯುವ ಆ ಬಟ್ಟೆಗೆ ಸ್ಪ್ರೇ ಸ್ಕರ್ಟ್ ಅನ್ನುತ್ತಾರೆ, ಅಲೆಯ ನೀರು ಒಳಗೆ ಬೀಳದಿರಲಿ ಅಂತ. ಅದರ ಮುಂದುಗಡೆ ಒಂದು ಕುಣಿಕೆ ಇರುತ್ತದೆ. ಆ ಕುಣಿಕೆ ಯಾವಾಗಲೂ ಹೊರಗೆ ಕಾಣುತ್ತಿರಬೇಕು, ಬಟ್ಟೆಯ ಒಳಗೆ ಮಡಚಿ ಹೋಗಬಾರದು. ಗೈಡ್ ನಮ್ಮನ್ನು ಮರಳಿನ ಮೇಲೇ ದೋಣಿಯಲ್ಲಿ ಕೂರಿಸಿದ. ಕಣ್ಣು ಮುಚ್ಚಿಸಿ ಮತ್ತೆ ಮತ್ತೆ ಅದನ್ನೇ ಮಾಡಿಸಿದ. ಮುಂದೆ ಬಾಗು, ಕುಣಿಕೆ ಹುಡುಕು, ಜಗ್ಗು, ಎರಡೂ ಕೈಯಿಂದ ಅಂಚು ಒತ್ತಿ ಹೊರಗೆ ಬಾ. ನಾಲ್ಕನೇ ಸಲಕ್ಕೆ ನನ್ನ ಹೆಂಡತಿಯ ಕೈ ತಾನಾಗಿ ಕುಣಿಕೆಗೆ ಹೋಗುತ್ತಿತ್ತು. ಹೊರಗೆ ಬಂದ ಮೇಲೆ ಲೈಫ್ ಜಾಕೆಟ್ ತೇಲಿಸುತ್ತದೆ, ನೀವು ದೋಣಿ ಹಿಡಿದುಕೊಂಡಿರುವುದಷ್ಟೇ ಕೆಲಸ. ನಿಮ್ಮ ಗೈಡ್ ಇದನ್ನು ಮಾಡಿಸದಿದ್ದರೆ ನೀವೇ ಕೇಳಿ. ನಾಚಿಕೆ ಬೇಡ. ನೀರು ಶಾಂತವಾಗಿದ್ದರೆ ಸ್ಕರ್ಟ್ ಬೇಡ ಅಂತಲೂ ಕೇಳಿ ನೋಡಬಹುದು.

ನಮ್ಮದು ನೇಕಾರರ ಮನೆ. ದೋಣಿ ನೋಡಿದ ಕೂಡಲೇ ಹೆಂಡತಿ "ಲಾಳಿ ಇದ್ದಂಗ ಐತಲ್ರೀ" ಅಂದಳು. ನಿಜ, ಎರಡೂ ತುದಿ ಚೂಪು, ನಡುವೆ ಹೊಟ್ಟೆ. ಒಳಗೆ ಕೂತರೆ ಥೇಟ್ ಕುಣಿಮಗ್ಗ. ಸೊಂಟದ ಕೆಳಗಿನದು ಗುಂಡಿಯೊಳಗೆ, ಕಾಲಿಗೆ ತುಳಿಯುವ ಹಲಗೆ, ಕೈಗೆ ಎಡ ಬಲ, ಎಡ ಬಲ. ಚುಕ್ಕಾಣಿ ಹಿಂದೆ ಕೂತವರ ಕಾಲಲ್ಲಿ. ಬಲಗಾಲು ತುಳಿದರೆ ದೋಣಿ ಬಲಕ್ಕೆ. ಹುಟ್ಟು ಹಾಕಬೇಕಾದ್ದು ತೋಳಿನಿಂದ ಅಲ್ಲ, ಮೈ ತಿರುಗಿಸಿ. ಪಾದದ ಹತ್ತಿರ ನೀರಿಗಿಳಿಯಬೇಕು, ಸೊಂಟದ ಹತ್ತಿರ ಮೇಲೆ ಬರಬೇಕು. ಬೀಸುಕಲ್ಲು ಬೀಸಿದವರಿಗೆ ಮೈ ಹೇಗೆ ತೂಗಬೇಕು ಅಂತ ಹೇಳಿಕೊಡಬೇಕಿಲ್ಲ. ನಾನು ತೋಳಲ್ಲೇ ಜಗ್ಗಿದೆ, ಮರುದಿನ ಹಲ್ಲುಜ್ಜಲು ಕೈ ಏಳಲಿಲ್ಲ.

ಮುಂದೆ ಕೂತವರು ಹಾಕಿದ ಲಯಕ್ಕೆ ಹಿಂದಿನವರು ಹೊಂದಿಕೊಳ್ಳಬೇಕು. ಇಲ್ಲದಿದ್ದರೆ ಎರಡೂ ಹುಟ್ಟು ಟಕಾ ಟಕಾ ಬಡಿಯುತ್ತವೆ. ಮದುವೆಯಾಗಿ 30 ವರ್ಷದಲ್ಲಿ ಆಡದ ಜಗಳ ಆವತ್ತು ಮೊದಲ ಹತ್ತು ನಿಮಿಷದಲ್ಲಿ ಆಯಿತು. ಅದರಲ್ಲಿ ಗೈಡ್ "ಹಿದಾರಿ! ಹಿದಾರಿ!" ಅಂತ ಕೂಗುತ್ತಿದ್ದ. ನನಗೆ "ಈ ದಾರಿ" ಅಂತ ಕೇಳಿಸಿತು. ಸರಿ, ಇದೇ ದಾರಿ ಅಂತ ನೆಟ್ಟಗೆ ಬಂಡೆಯ ಕಡೆಗೇ ಹೊರಟೆ. ಹಿದಾರಿ ಅಂದರೆ ಎಡಕ್ಕೆ. ಮಿಗಿ ಅಂದರೆ ಬಲಕ್ಕೆ. ಈ ಎರಡು ಪದ ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿಕೊಳ್ಳಿ.

ಹೋಗಿದ್ದು ಎಲ್ಲಿಗೆ ಅಂದರೆ, ಮೋರಿತೊ ದಂಡೆಯಿಂದ ಸುಮಾರು 700 ಮೀಟರ್ ಆಚೆ ನಾಜಿಮಾ ಅಂತ ಪುಟ್ಟ ದ್ವೀಪ ಇದೆ. ಅದರ ಬಂಡೆಯ ಮೇಲೆ ಕೆಂಪು ತೊರೀ, ಅಂದರೆ ಅವರ ದೇವಸ್ಥಾನದ ಮಹಾದ್ವಾರ. ಅದರ ಸುತ್ತ ಒಂದು ಸುತ್ತು. ಮೋಡ ಸರಿದಾಗ ಸಾಗಾಮಿ ಕೊಲ್ಲಿಯ ಆಚೆ ಫುಜಿ ಕಂಡಿತು. ನೆತ್ತಿಯಲ್ಲಿ ಹಿಮ ಇರಲಿಲ್ಲ, ಬೋಗುಣಿ ಬೋರಲು ಹಾಕಿದ ಹಾಗೆ ಕಪ್ಪಗೆ ಕೂತಿತ್ತು. ಪಟದಲ್ಲಿ ನೋಡಿದ್ದಕ್ಕೂ, ನೀರಿಗೆ ಅಂಟಿ ಕೂತು ನೋಡುವುದಕ್ಕೂ ಬಹಳ ವ್ಯತ್ಯಾಸ. ಕಯಾಕಿನಲ್ಲಿ ನಿಮ್ಮ ಕಣ್ಣು ನೀರಿನಿಂದ ಎರಡೂವರೆ ಅಡಿ ಮೇಲಿದ್ದರೆ ಜಾಸ್ತಿ.

ಮಗುಚಿದ್ದೂ ಹೇಳಬೇಕಲ್ವಾ? ಸಮುದ್ರದಲ್ಲಿ ಅಲ್ಲ. ವಾಪಸ್ ದಂಡೆಗೆ ಬಂದು, ಮೊಣಕಾಲುದ್ದ ನೀರಿನಲ್ಲಿ! ಕಾಲು ಜೋಮು ಹಿಡಿದಿತ್ತು. ಗೈಡ್ ತಡೆಯಿರಿ ಅನ್ನುವಷ್ಟರಲ್ಲಿ ನಾನು ಎದ್ದು ನಿಂತೆ. ದೋಣಿ ಅಡ್ಡ ತಿರುಗಿತ್ತು, ಒಂದು ಸಣ್ಣ ಅಲೆ ಪಕ್ಕಕ್ಕೆ ಬಡಿಯಿತು. ಇಬ್ಬರೂ ಧೊಪ್ಪಂತ ಬಿದ್ದೆವು. ನನ್ನ ಕನ್ನಡಕ ಇನ್ನೂ ಅಲ್ಲೇ ಇದೆ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ, ಮತ್ತು ಗೈಡ್ ಬಂದು ದೋಣಿ ಹಿಡಿಯುವ ತನಕ ಏಳಬೇಡಿ.

ಉಣಕಲ್ ಅಕ್ಕ, ಹುಬ್ಬಳ್ಳಿ

ಅಣ್ಣಾರೇ, ನಕ್ಕು ನಕ್ಕು ಸಾಕಾಯಿತು. ಕುಣಿಕೆಯ ವಿಷಯ ಓದಿ ಅರ್ಧ ಜೀವ ಬಂತು. ಆದರೆ ಅಕ್ಟೋಬರ್ ಅಂದರೆ ತೂಫಾನಿನ ಕಾಲ ಅಂತಾರಲ್ಲ? ನೀರು ತಣ್ಣಗಿರುವುದಿಲ್ಲವಾ?

ಬೆಟಗೇರಿ ಲಾಳಿ, ಗದಗ

ನೀರು ಪರವಾಗಿಲ್ಲ. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಮೇ ತಿಂಗಳಿಗಿಂತ ಅಕ್ಟೋಬರ್‌ನಲ್ಲೇ ಬೆಚ್ಚಗಿರುತ್ತದೆ.

ತೂಫಾನಿನ ಕಥೆ ಕೇಳಿ. ಮೊದಲ ಸಲ ನಾವು ಹೋಗಲೇ ಇಲ್ಲ. ಬೆಳಿಗ್ಗೆ ಎದ್ದರೆ ನೀಲಿ ಆಕಾಶ, ಎಲೆ ಅಲ್ಲಾಡದಷ್ಟು ಗಾಳಿ. ಆರೂವರೆಗೆ ಮಗಳ ಫೋನಿಗೆ ಸಂದೇಶ: ಇವತ್ತು ರದ್ದು. ನನಗೆ ಸಿಟ್ಟು ಬಂತು. ಬೇರೆ ಯಾರೋ ಜಾಸ್ತಿ ದುಡ್ಡು ಕೊಟ್ಟಿರಬೇಕು ಅಂದೆ. ನೋಡೇ ಬಿಡೋಣ ಅಂತ ರೈಲು ಹತ್ತಿದೆವು. ಯೊಕೊಸುಕಾ ಲೈನಿನಲ್ಲಿ ಜುಶಿ, ಅಲ್ಲಿಂದ ಬಸ್ಸು. ದಂಡೆಯಲ್ಲಿ ನಿಂತರೆ ಸಮುದ್ರ ಎಣ್ಣೆ ಹರಡಿದ ಹಾಗೆ ನುಣ್ಣಗಿದೆ. ನೋಡು, ಸುಳ್ಳು ಹೇಳಿದ್ದಾರೆ ಅನ್ನುವಷ್ಟರಲ್ಲಿ ಆ ನುಣುಪೇ ಉಬ್ಬುತ್ತಾ ಉಬ್ಬುತ್ತಾ ಬಂದು, ದಂಡೆಯ ಹತ್ತಿರ ನಮ್ಮ ಎತ್ತರಕ್ಕೆ ಎದ್ದು ಒಡೆಯಿತು. ಆಮೇಲೆ ಮತ್ತೆ ಸುಮಾರು ಹೊತ್ತು ಏನೂ ಇಲ್ಲ. ಮತ್ತೊಂದು.

ಅದಕ್ಕೆ ಉನೇರಿ ಅನ್ನುತ್ತಾರೆ. ತೂಫಾನು ಆವತ್ತು ಓಗಾಸಾವಾರಾ ದ್ವೀಪಗಳ ಕಡೆ ಇತ್ತಂತೆ, ಟೋಕಿಯೋದಿಂದ ಸಾವಿರ ಕಿ.ಮೀ. ದಕ್ಷಿಣಕ್ಕೆ. ಗಾಳಿ ಅಲ್ಲೇ ಇರುತ್ತದೆ, ಅಲೆ ಮಾತ್ರ ಮೊದಲೇ ಬಂದು ಬಾಗಿಲು ಬಡಿಯುತ್ತದೆ. ದುಡ್ಡು ವಾಪಸ್ ಕೊಟ್ಟರು, ಒಂದು ವಾರ ಬಿಟ್ಟು ಕರೆದರು. ಹಾಗಾಗಿ ಮಗನಿಗೆ ಹೇಳಿ, ಕೊನೆಯ ದಿನಕ್ಕೆ ಬುಕ್ ಮಾಡುವುದು ಬೇಡ. ಮೊದಲ ವಾರದಲ್ಲೇ ಇರಲಿ, ರದ್ದಾದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ.

ಒಣಬೇಸಾಯ, ಧಾರವಾಡ

ನಾನು ಕೆಲವು ತಿಂಗಳು ಟೊಟ್ಟೊರಿ ವಿಶ್ವವಿದ್ಯಾಲಯದ ಒಣಭೂಮಿ ಸಂಶೋಧನಾ ಕೇಂದ್ರದಲ್ಲಿದ್ದೆ. ಒಣಭೂಮಿ ಓದಲು ಹೋದವನು ಜಾಸ್ತಿ ಒದ್ದೆಯಾಗಿದ್ದೇ ಬಂತು. ಅಲ್ಲಿನ ಮರಳು ದಿಬ್ಬಗಳಿಂದ ಪೂರ್ವಕ್ಕೆ ಉರಾದೊಮೆ ಅನ್ನುವ ಕರಾವಳಿ ಇದೆ, ಗ್ರಾನೈಟ್ ಬಂಡೆಯಲ್ಲಿ ಅಲೆ ಕೊರೆದ ಗುಹೆಗಳು. ಆಗಸ್ಟ್‌ನಲ್ಲಿ ಕಯಾಕಿನಲ್ಲಿ ಒಂದು ಗುಹೆಯೊಳಗೆ ಹೋಗಿದ್ದೆ. ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದಿತ್ತು, ಅಷ್ಟು ತಿಳಿ ನೀರು. ಅದು ಜಪಾನ್ ಸಮುದ್ರದ ಕಡೆ. ಬೇಸಿಗೆಯಲ್ಲಿ ಶಾಂತ, ಚಳಿಗಾಲದಲ್ಲಿ ರೌದ್ರ. ಭರತ ಇಳಿತ ಅಲ್ಲಿ ಒಂದೆರಡು ಗೇಣು ಅಷ್ಟೇ. ಅದೇ ಹಿರೋಶಿಮಾ ಕಡೆ ಹೋದರೆ ದೊಡ್ಡ ಉಬ್ಬರದ ದಿನ 4 ಮೀಟರ್ ತನಕ ಏರಿಳಿಯುತ್ತದೆ. ಮಿಯಾಜಿಮಾದ ದೊಡ್ಡ ತೊರೀ ಬುಡಕ್ಕೆ ಬೆಳಿಗ್ಗೆ ನಡೆದು ಹೋದವರು ಸಂಜೆ ಅಲ್ಲೇ ದೋಣಿಯಲ್ಲಿ ಹೋಗಬಹುದು.

ಅಕ್ಕಾವ್ರಿಗೆ ಒಂದು ಮಾತು. ಹೊಸಬರು ಅಲೆ ನೋಡಿ ಹೆದರುತ್ತಾರೆ, ಗೈಡ್ ಹೆದರುವುದು ನೆಲದಿಂದ ಸಮುದ್ರದ ಕಡೆ ಬೀಸುವ ಗಾಳಿಗೆ. ದಂಡೆಯ ಹತ್ತಿರ ಗುಡ್ಡ, ಮನೆ ಅಡ್ಡ ಇರುವುದರಿಂದ ಅದು ಗೊತ್ತೇ ಆಗುವುದಿಲ್ಲ. ಸ್ವಲ್ಪ ಆಚೆ ಹೋದ ಮೇಲೆ ಬೆನ್ನಿಗೆ ದಬ್ಬಲು ಶುರು ಮಾಡುತ್ತದೆ. ಹೋಗುವಾಗ ಭಾರಿ ಹಗುರ, ಆಹಾ ಎಷ್ಟು ಚೆನ್ನಾಗಿ ನಡೆಸುತ್ತಿದ್ದೇನೆ ಅನ್ನಿಸುತ್ತದೆ. ತಿರುಗಿದಾಗ ಗೊತ್ತಾಗುತ್ತದೆ. ಕಣದಲ್ಲಿ ರಾಶಿ ತೂರುವವರು ಗಾಳಿ ನೋಡಿಕೊಂಡು ನಿಲ್ಲುವ ಹಾಗೆ ನನ್ನ ಗೈಡ್ ಅರ್ಧ ಗಂಟೆಗೊಮ್ಮೆ ಸುಮ್ಮನೆ ನಿಂತು ನೋಡುತ್ತಿದ್ದ. ಅವರು ವಾಪಸ್ ಅಂದರೆ ವಾಪಸ್, ಇನ್ನೊಂದು ಫೋಟೋ ಅನ್ನಬಾರದು. ಬೆಳಗಿನ ಹೊತ್ತಿನದ್ದೇ ಬುಕ್ ಮಾಡಿಸಿ, ಮಧ್ಯಾಹ್ನದ ಮೇಲೆ ಗಾಳಿ ಏಳುವುದು ಜಾಸ್ತಿ. ಮಗನ ಫೋನಿನಲ್ಲಿ 118 ಇರಲಿ, ಅದು ಅಲ್ಲಿನ ಕೋಸ್ಟ್ ಗಾರ್ಡ್ ನಂಬರು.

ಬಿಪಿ, ಮೊಣಕಾಲು ಎರಡನ್ನೂ ಫಾರ್ಮಿನಲ್ಲಿ ಬರೆಯಿರಿ, ಮುಚ್ಚಿಡಬೇಡಿ. ಹೋಗುವ ಮೊದಲು ನಿಮ್ಮ ಡಾಕ್ಟರನ್ನೂ ಒಂದು ಮಾತು ಕೇಳಿ. ಕಾಲು ಒತ್ತುವ ಹಲಗೆಯನ್ನು ಹಿಂದೆ ಮುಂದೆ ಸರಿಸಲು ಬರುತ್ತದೆ, ಮೊಣಕಾಲು ಸ್ವಲ್ಪ ಮಡಚಿರುವ ಹಾಗೆ ಇಡಿಸಿಕೊಳ್ಳಿ. ಬಟ್ಟೆ ಜೀನ್ಸ್ ಬೇಡ, ಹತ್ತಿಯದ್ದೂ ಬೇಡ, ನೆನೆದರೆ ಆರುವುದಿಲ್ಲ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಅಂಗಿ, ದಾರ ಇರುವ ಟೋಪಿ, ಕಟ್ಟುವ ಹಳೇ ಶೂ. ಚಪ್ಪಲಿ ಬೇಡ.

ಉಣಕಲ್ ಅಕ್ಕ, ಹುಬ್ಬಳ್ಳಿ

ಮಗನಿಗೆ ಫೋನ್ ಮಾಡಿ ಹೂಂ ಅಂದೆ. ಮೊದಲ ವಾರದ ಬೆಳಿಗ್ಗೆಗೆ ಬದಲಾಯಿಸಿದ. ಹಿದಾರಿ ಮಿಗಿ ಅಂತ ಅಡಿಗೆಮನೆಯಲ್ಲಿ ಹೇಳಿಕೊಳ್ಳುತ್ತಾ ಓಡಾಡುತ್ತಿದ್ದೇನೆ, ಮನೆಯವರು ವಿಚಿತ್ರವಾಗಿ ನೋಡುತ್ತಾರೆ. ಕೊನೆಯದು ಒಂದೇ ಪ್ರಶ್ನೆ: ಅಲ್ಲಿ ಹೊಟ್ಟೆಗೆ ಏನು? ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗಬಹುದಲ್ವಾ?

ಬೆಟಗೇರಿ ಲಾಳಿ, ಗದಗ

ಕಟ್ಟಿಕೊಳ್ಳಿ, ಆದರೆ ಬಯಲಲ್ಲಿ ಕೂತು ತಿನ್ನಬೇಡಿ. ಆ ಕರಾವಳಿಯಲ್ಲಿ ಹದ್ದುಗಳ ಕಾಟ ಬಹಳ, ತೊಂಬಿ ಅನ್ನುತ್ತಾರೆ. ಎಚ್ಚರಿಕೆಯ ಬೋರ್ಡೇ ಹಾಕಿದ್ದಾರೆ. ನಾವು ಓದಲು ಬಾರದೆ ಬೋರ್ಡಿನ ಕೆಳಗೇ ಕೂತೆವು. ಹೆಂಡತಿ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಬಾಯಿಗೆ ಎತ್ತಿದಳು ನೋಡಿ, ಹಿಂದಿನಿಂದ ಒಂದು ಬಂದು ರೆಕ್ಕೆ ಕಿವಿಗೆ ಸವರಿಕೊಂಡು ಹೋಯಿತು. ಕೈಯಲ್ಲಿ ಬೆರಳಿಗೆ ಮೆತ್ತಿದ ಹಿಂಡಿ ಮಾತ್ರ ಉಳಿದಿತ್ತು.