ಸಹಾಯ ಬೇಕು: 75 ವರ್ಷ ದಾಟಿದವರಿಗೆ ಟೆನೆಕ್ಟೆಪ್ಲೇಸ್ (ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್) ಪೂರ್ತಿ ಡೋಸಾ, ಅರ್ಧನಾ?

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್. ಕ್ಯಾಥ್ ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೊಠಡಿ) ಇರುವ ಊರಿಗೆ ಆಂಬ್ಯುಲೆನ್ಸ್‌ನಲ್ಲಿ ಮೂರು ಗಂಟೆ, ಹಾಗಾಗಿ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಅನ್ನೋದು ನಮಗೆ ಕನಸು; ಹೆಪ್ಪು ಕರಗಿಸುವ ಔಷಧವೇ ಗತಿ.

ಮೊನ್ನೆ ರಾತ್ರಿ 77 ವರ್ಷದ ಅಜ್ಜಿ ಬಂದರು. ತೂಕ 62 ಕೆಜಿ, ಎದೆನೋವು ಶುರುವಾಗಿ ಎರಡು ಗಂಟೆ. ಇಸಿಜಿಯಲ್ಲಿ ಇನ್ಫೀರಿಯರ್ ಎಂಐ (ಹೃದಯದ ಕೆಳಭಾಗದ ಹೃದಯಾಘಾತ). ಮನೆಯವರು ದಾರಿಯಲ್ಲೇ ನಾಲಿಗೆ ಕೆಳಗೆ ನೈಟ್ರೇಟ್ ಮಾತ್ರೆ ಇಟ್ಟಿದ್ದರು, ಬಿಪಿ 84ಕ್ಕೆ ಬಿದ್ದಿತ್ತು. ಎದೆಯ ಬಲಗಡೆ ಇಸಿಜಿ ಲೀಡ್ ಹಾಕಿ ನೋಡಿದರೆ ವಿ4ಆರ್‌ನಲ್ಲೂ ಎಸ್‌ಟಿ ಮೇಲೆದ್ದಿದೆ! ಅಂದರೆ ಹೃದಯದ ಬಲಭಾಗಕ್ಕೂ ಪೆಟ್ಟು, ಅಂಥವರಿಗೆ ನೈಟ್ರೇಟ್ ಕೊಟ್ಟರೆ ಬಿಪಿ ಬೀಳಬಹುದು. ನೈಟ್ರೇಟ್ ನಿಲ್ಲಿಸಿ ಸಲೈನ್ ಬಿಟ್ಟ ಮೇಲೆ ಬಿಪಿ 100 ದಾಟಿತು. ಆಸ್ಪಿರಿನ್ 300 ಮಿಲಿಗ್ರಾಂ ಜಗಿಸಿದೆವು. ವಯಸ್ಸು 75 ದಾಟಿದ್ದರಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಲೋಡಿಂಗ್ (ಮೊದಲ ದೊಡ್ಡ ಡೋಸ್) ಇಲ್ಲದೆ 75 ಮಿಲಿಗ್ರಾಂ ಮಾತ್ರ, ಅದೇ ಕೆಲಸದ ಎನಾಕ್ಸಪರಿನ್‌ಗೆ ಬೋಲಸ್ (ನರಕ್ಕೆ ಒಮ್ಮೆಲೇ ಕೊಡುವ ಡೋಸ್) ಇಲ್ಲ. ಇಲ್ಲಿವರೆಗೆ ಗೊಂದಲ ಇಲ್ಲ.

ಸಿಕ್ಕಿಹಾಕಿಕೊಂಡಿದ್ದು ಟೆನೆಕ್ಟೆಪ್ಲೇಸ್‌ನಲ್ಲಿ. ಗೋಡೆ ಮೇಲಿನ ಚಾರ್ಟ್ ಪ್ರಕಾರ 60ರಿಂದ 70 ಕೆಜಿಗೆ 35 ಮಿಲಿಗ್ರಾಂ, ವಯಸ್ಸಿನ ಮಾತೇ ಇಲ್ಲ. ಯುರೋಪಿನ ಮಾರ್ಗಸೂಚಿ ನೋಡಿದರೆ 75 ದಾಟಿದವರಿಗೆ ಅರ್ಧ ಡೋಸ್ ಯೋಚಿಸಿ ಅನ್ನುತ್ತದೆ, ಮಿದುಳಲ್ಲಿ ರಕ್ತಸ್ರಾವದ ಭಯಕ್ಕೆ. ಇಬ್ಬರು ಸೀನಿಯರ್‌ಗಳಿಗೆ ಫೋನ್ ಮಾಡಿದೆ. ಒಬ್ಬರು ಅರ್ಧ ಅಂದರು, ಇನ್ನೊಬ್ಬರು ‘ಅರ್ಧ ಕೊಟ್ಟು ರಕ್ತನಾಳ ತೆರೆಯದಿದ್ದರೆ ಏನ್ಮಾಡ್ತೀಯಾ’ ಅಂತ ಬೈದರು. ಸಿರಿಂಜ್ ಕೈಯಲ್ಲಿ ಹಿಡಿದು ಹತ್ತು ನಿಮಿಷ ಸುಮ್ನೆ ಹೋಯಿತು. ಕೊನೆಗೆ ಅರ್ಧ ಕೊಟ್ಟು ಕಳಿಸಿದೆ, ಅಜ್ಜಿ ಈಗ ಚೆನ್ನಾಗಿದ್ದಾರೆ, ಆದರೆ ಅದು ಅದೃಷ್ಟ ಇರಬಹುದು ಅಲ್ವಾ?

ಹೃದ್ರೋಗ ವಿಭಾಗದಲ್ಲಿರುವವರು ಹೇಳಿ: ನಿಮ್ಮ ಕಡೆ 75 ದಾಟಿದ, ಬಿಪಿ ಕಡಿಮೆ ಇರುವವರಿಗೆ ಬರೆದಿಟ್ಟ ಪ್ರೋಟೋಕಾಲ್‌ನಲ್ಲಿ ಅರ್ಧ ಡೋಸ್ ಇದೆಯಾ, ಪೂರ್ತಿ ಇದೆಯಾ?