ನಾಲ್ಕು ವರ್ಕರ್, ಒಂದೇ ಸೀಟು

ಪ್ರಶ್ನೆ: ಮೇಡಂ, ನಮ್ಮೂರ ಯಕ್ಷಗಾನದ ಟಿಕೆಟ್‌ಗೆ ಜ್ಯಾಂಗೊದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಒಂದು ಸಣ್ಣ ಸೈಟ್ ಮಾಡಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಲ್ಯಾಪ್‌ಟಾಪ್‌ನಲ್ಲಿ ಜ್ಯಾಂಗೊದ ಪರೀಕ್ಷಾ ಸರ್ವರ್ ಆದ ರನ್‌ಸರ್ವರ್ ಹಾಕಿ ನೋಡಿದಾಗ ಎಲ್ಲ ಸರಿ ಇತ್ತು. ಸರ್ವರ್‌ಗೆ ಏರಿಸಿ, ಸೈಟ್ ಓಡಿಸುವ ಗುನಿಕಾರ್ನ್‌ಗೆ 4 ವರ್ಕರ್ ಕೊಟ್ಟ ಮೇಲೆ ಒಂದೇ ಸೀಟು ಇಬ್ಬರಿಗೆ ಹೋಗುತ್ತಿದೆ. ಶನಿವಾರ ಸಿ-14ಕ್ಕೆ ಇಬ್ಬರು ಟಿಕೆಟ್ ಹಿಡಿದು ಬಂದು ಜಗಳ ಆಡಿದರು. ಒಂದು ಸಲಕ್ಕೆ ಒಬ್ಬರೇ ಬುಕ್ ಮಾಡಲಿ ಅಂತ ಪೈಥಾನ್‌ನ ಥ್ರೆಡಿಂಗ್ ಲಾಕ್ ಹಾಕಿದ್ದೇನೆ. ಒಂದು ರಿಕ್ವೆಸ್ಟ್‌ನ ಡೇಟಾಬೇಸ್ ಕೆಲಸವೆಲ್ಲ ಒಂದೇ ಟ್ರಾನ್ಸಾಕ್ಷನ್ ಆಗಿಸುವ ಅಟಾಮಿಕ್ ರಿಕ್ವೆಸ್ಟ್ಸ್ ಸೆಟ್ಟಿಂಗ್ ಕೂಡ ಟ್ರೂ ಇದೆ. ಆದರೂ ಯಾಕೆ ಹೀಗೆ?

ಉತ್ತರ: ನೀವು ಹಾಕಿರುವುದು ಒಂದು ಲಾಕ್ ಅಲ್ಲ, ನಾಲ್ಕು. ರನ್‌ಸರ್ವರ್ ಒಂದೇ ಪ್ರೋಸೆಸ್, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಂ. ಒಳಗೆ ಎಷ್ಟು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) ಇದ್ದರೂ ಎಲ್ಲಕ್ಕೂ ಆ ಲಾಕ್ ಕಾಣುತ್ತದೆ. ಗುನಿಕಾರ್ನ್‌ನ ಒಂದೊಂದು ವರ್ಕರ್ ಬೇರೆ ಬೇರೆ ಪ್ರೋಸೆಸ್, ಮೆಮೊರಿಯೂ ಬೇರೆ. ಪಕ್ಕದ ವರ್ಕರ್ ಬೀಗ ಹಾಕಿದ್ದು ಇದಕ್ಕೆ ಗೊತ್ತೇ ಆಗಲ್ಲ.

ಇನ್ನು ಅಟಾಮಿಕ್. ಆಗುವುದಾದರೆ ಪೂರ್ತಿ ಆಗಲಿ, ಇಲ್ಲದಿದ್ದರೆ ಏನೂ ಬೇಡ ಅನ್ನುವುದಷ್ಟೇ ಅದರ ಕೆಲಸ. ಜನರನ್ನು ಸಾಲಲ್ಲಿ ನಿಲ್ಲಿಸುವುದಲ್ಲ. ನಿಮ್ಮ ಕೋಡ್ ಬಹುಶಃ ಹೀಗಿದೆ: ಬುಕಿಂಗ್ ಟೇಬಲ್‌ನಲ್ಲಿ ಸಿ-14 ಇದೆಯಾ ಅಂತ ಎಕ್ಸಿಸ್ಟ್ಸ್ ಕೇಳು, ಇಲ್ಲದಿದ್ದರೆ ಕ್ರಿಯೇಟ್ ಮಾಡು. ಮೊದಲ ವರ್ಕರ್ ಕೇಳಿತು, ಇಲ್ಲ ಅಂತ ಬಂತು. ಅದು ಬರೆದು ಕಮಿಟ್ (ಬರೆದದ್ದನ್ನು ಪಕ್ಕಾ) ಮಾಡುವುದರೊಳಗೆ ಎರಡನೆಯದೂ ಕೇಳಿತು. ಪೋಸ್ಟ್‌ಗ್ರೆಸ್‌ನಲ್ಲಿ ಡೀಫಾಲ್ಟ್ ರೀಡ್ ಕಮಿಟೆಡ್, ಅಂದರೆ ಕಮಿಟ್ ಆಗದ್ದು ಬೇರೆಯವರಿಗೆ ಕಾಣಲ್ಲ. ಅದಕ್ಕೂ ಇಲ್ಲ ಅಂತಲೇ ಬಂತು. ಇಬ್ಬರೂ ಬರೆದರು.

ಪ್ರಶ್ನೆ: ಹಾಗಾದರೆ ಓದುವಾಗಲೇ ರೋಗೆ (ಟೇಬಲ್‌ನ ಸಾಲಿಗೆ) ಬೀಗ ಹಾಕುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿದರೆ ಸಾಕಾ?

ಉತ್ತರ: ಎಲ್ಲಿ ಹಾಕುತ್ತೀರಿ ಅನ್ನುವುದೇ ಮುಖ್ಯ. ಬುಕಿಂಗ್ ಟೇಬಲ್ ಮೇಲೆ ಹಾಕಿದರೆ ದಂಡ. ರೋ ಇನ್ನೂ ಹುಟ್ಟಿಯೇ ಇಲ್ಲ, ಇಲ್ಲದ ರೋಗೆ ಬೀಗ ಹೇಗೆ ಹಾಕ್ತೀರಿ? ಸೀಟ್ ಟೇಬಲ್‌ನ ಸಿ-14 ರೋ ಮೇಲೆ ಹಾಕಿ, ಆಮೇಲೆ ಚೆಕ್ ಮಾಡಿದರೆ ಸರಿಯಾಗುತ್ತದೆ.

ನನ್ನನ್ನು ಕೇಳಿದರೆ ಅದಕ್ಕಿಂತ ಮೊದಲು ಬುಕಿಂಗ್ ಟೇಬಲ್‌ಗೆ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿ: ಆಟ ಮತ್ತು ಸೀಟು ಸೇರಿ ಒಂದೇ ಸಲ. ನಾಳೆ ಯಾರೋ ಅಡ್ಮಿನ್‌ನಿಂದಲೋ ಶೆಲ್‌ನಿಂದಲೋ ಬುಕ್ ಮಾಡಿದರೂ ಡೇಟಾಬೇಸ್ ಬಿಡಲ್ಲ. ಎರಡನೆಯವರಿಗೆ ಇಂಟೆಗ್ರಿಟಿ ಎರರ್ ಬರುತ್ತದೆ, ಅದನ್ನು ಹಿಡಿದು ‘ಈ ಸೀಟು ಈಗಷ್ಟೇ ಹೋಯಿತು’ ಅಂತ ತೋರಿಸಿ. ಆದರೆ ಇಡೀ ರಿಕ್ವೆಸ್ಟ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿದೆ, ಅಲ್ವಾ? ಎರರ್ ಹಿಡಿಯಲು ಸುಮ್ನೆ ಟ್ರೈ-ಎಕ್ಸೆಪ್ಟ್ ಹಾಕಿದರೆ, ಆ ಟ್ರಾನ್ಸಾಕ್ಷನ್ ಆಗಲೇ ಕೆಟ್ಟಿರುವುದರಿಂದ ಮುಂದಿನ ಕ್ವೆರಿ ಕೂಡ ಒದೆಯುತ್ತದೆ. ಕ್ರಿಯೇಟ್ ಸುತ್ತ ಇನ್ನೊಂದು ಅಟಾಮಿಕ್ ಬ್ಲಾಕ್ ಇಡಿ, ಟ್ರೈ ಅದರ ಹೊರಗಿರಲಿ. ಒಳಗಿನದು ಸೇವ್‌ಪಾಯಿಂಟ್ (ಟ್ರಾನ್ಸಾಕ್ಷನ್ ಮಧ್ಯದ ಗುರುತು) ಆಗುತ್ತದೆ, ಎರರ್ ಬಂದರೆ ಅಲ್ಲಿಯ ತನಕ ಮಾತ್ರ ಹಿಂದೆ ಹೋಗುತ್ತದೆ.

ಪ್ರಶ್ನೆ: ಕ್ಯಾನ್ಸಲ್ ಆದ ಸೀಟನ್ನು ಮತ್ತೆ ಮಾರಬೇಕಲ್ಲ? ಪೇಮೆಂಟ್ ಕೂಡ ಅದೇ ವ್ಯೂನಲ್ಲಿದೆ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಫಂಕ್ಷನ್).

ಉತ್ತರ: ಕ್ಯಾನ್ಸಲ್ ಆಗದವಕ್ಕೆ ಮಾತ್ರ ಅಂತ ಕನ್‌ಸ್ಟ್ರೇಂಟ್‌ಗೆ ಕಂಡೀಷನ್ ಕೊಡಬಹುದು. 2019ರ ಜ್ಯಾಂಗೊ 2.2ರಿಂದಲೇ ಇದೆ.

ಪೇಮೆಂಟನ್ನು ದಯವಿಟ್ಟು ಅಲ್ಲಿಂದ ಎತ್ತಿ. ಪೇಮೆಂಟ್ ಗೇಟ್‌ವೇ ಉತ್ತರ ಕೊಡುವ ತನಕ ಟ್ರಾನ್ಸಾಕ್ಷನ್ ತೆರೆದೇ ಇರುತ್ತದೆ, ಅದೇ ಸೀಟು ಒತ್ತಿದವರೆಲ್ಲ ಕಾಯುತ್ತಾರೆ, ವರ್ಕರ್‌ಗಳೂ ಕಾಯುತ್ತವೆ. ಗುನಿಕಾರ್ನ್‌ನ ಡೀಫಾಲ್ಟ್ ಟೈಮ್ಔಟ್ 30 ಸೆಕೆಂಡ್, ಆಮೇಲೆ ಆ ವರ್ಕರನ್ನೇ ಕೊಲ್ಲುತ್ತದೆ. ದುಡ್ಡು ಕಟ್ ಆಗಿ ಬುಕಿಂಗ್ ರೋಲ್‌ಬ್ಯಾಕ್ ಆದರೆ (ಬರೆದದ್ದು ರದ್ದಾದರೆ) ಶನಿವಾರದ್ದಕ್ಕಿಂತ ದೊಡ್ಡ ಜಗಳ. ಮೊದಲು ಹತ್ತು ನಿಮಿಷಕ್ಕೆ ಸೀಟು ಹಿಡಿದಿಟ್ಟು ಕಮಿಟ್ ಮಾಡಿ. ಪೇಮೆಂಟ್ ಆದ ಮೇಲೆ ಇನ್ನೊಂದು ಟ್ರಾನ್ಸಾಕ್ಷನ್‌ನಲ್ಲಿ ಖಾಯಂ ಮಾಡಿ.

ಇನ್ನೊಬ್ಬರು: ನಮ್ಮಲ್ಲಿ ಹಿನ್ನೆಲೆಯಲ್ಲಿ ಮೇಲ್ ಕಳಿಸುವ ಸೆಲೆರಿ ಟಾಸ್ಕ್ ಒಮ್ಮೊಮ್ಮೆ ‘ಬುಕಿಂಗ್ ಸಿಗಲಿಲ್ಲ’ ಅನ್ನುತ್ತದೆ. ಇದೇ ಕಾಯಿಲೆನಾ?

ಉತ್ತರ: ಹೌದು ಸರ್. ಕಮಿಟ್ ಆಗುವ ಮೊದಲೇ ಟಾಸ್ಕ್ ಓಡಿಬಿಟ್ಟಿದೆ. ಟಾಸ್ಕ್ ಕರೆಯುವುದನ್ನು ಕಮಿಟ್ ಆದ ಮೇಲೆ ಮಾತ್ರ ಓಡಿಸುವ ಆನ್ ಕಮಿಟ್ ಒಳಗೆ ಇಡಿ.

ಪ್ರಶ್ನೆ: ಮೇಡಂ, ಕನ್‌ಸ್ಟ್ರೇಂಟ್ ಹಾಕಿದೆ. ಅದನ್ನು ಡೇಟಾಬೇಸ್‌ಗೆ ಹಾಕುವ ಮೈಗ್ರೇಷನ್ನೇ ಫೇಲ್ ಆಯಿತು!

ಉತ್ತರ: ಆಗಲೇಬೇಕು, ಸಿ-14 ಇನ್ನೂ ಎರಡು ಸಲ ಕೂತಿದೆಯಲ್ಲ. ಆಟ, ಸೀಟು ಹಿಡಿದು ಗ್ರೂಪ್ ಮಾಡಿ, ಒಂದಕ್ಕಿಂತ ಜಾಸ್ತಿ ಇರುವುದನ್ನು ಹುಡುಕಿ. ಮುಂದಿನ ಆಟದವೂ ಇದ್ದರೆ ಈಗಲೇ ಆ ಜನರಿಗೆ ಫೋನ್ ಮಾಡಿ.