ಒಬ್ಬ ಬಿಷಪರಿಂದ ನಮ್ಮ ಒಂದು ಕಾರು ಮೂರಾಯಿತು

ಕಾಫಿತೋಟ:
ನಾನು ಮೂಡಿಗೆರೆ ಕಡೆಯವಳು, ಡಲ್ಲಾಸ್‌ನಲ್ಲಿ ನರ್ಸ್. ಭಾನುವಾರದ ಕ್ಯಾಥೊಲಿಕ್ ಪೂಜೆಗೆ ಇಬ್ಬರು ಗೆಳತಿಯರ ಜೊತೆ ಒಂದೇ ಕಾರಿನಲ್ಲಿ ಹೋಗುತ್ತಿದ್ದೆ. ಈಗ ಮೂರು ಕಾರು. ಕಾರಣ, ಪಕ್ಕದ ಟೈಲರ್ ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಕೈಕೆಳಗಿನ ಪ್ರದೇಶ) ಬಿಷಪರಾಗಿದ್ದ ಜೋಸೆಫ್ ಸ್ಟ್ರಿಕ್‌ಲ್ಯಾಂಡ್.

2023ರ ಮೇ ತಿಂಗಳಲ್ಲಿ ಅವರು ಟ್ವಿಟರ್‌ನಲ್ಲಿ ಒಂದು ಮಾತು ಬರೆದರು. ಫ್ರಾನ್ಸಿಸ್ ಪೋಪ್ ಅನ್ನುವುದನ್ನು ಒಪ್ಪುತ್ತೇನೆ, ಆದರೆ ವಿಶ್ವಾಸದ ಬುಡ ಅಲ್ಲಾಡಿಸುವ ಅವರ ಕೆಲಸ ಒಪ್ಪುವುದಿಲ್ಲ ಅಂತ. ಜೂನ್‌ನಲ್ಲಿ ರೋಮ್, ಅಂದರೆ ಪೋಪ್ ಆಡಳಿತ, ಕಳಿಸಿದ ಇಬ್ಬರು ಬಿಷಪರು ವಿಚಾರಣೆಗೆ ಬಂದರು. ಆಮೇಲೆ ರಾಜೀನಾಮೆ ಕೇಳಿದರು, ಇವರು ಕೊಡಲಿಲ್ಲ. ನವೆಂಬರ್ 11ಕ್ಕೆ ಪೋಪ್ ತೆಗೆದೇಬಿಟ್ಟರು. ಬಿಷಪರು ರಾಜೀನಾಮೆ ಪತ್ರ ಕೊಡಬೇಕಾದ್ದು 75ಕ್ಕೆ. ಇವರಿಗೆ 65.

ನನಗೆ ಅರ್ಥವಾಗದ್ದು ಇದು. ‘ಪೋಪ್ ಹೇಳಿದ ಮೇಲೆ ಮುಗೀತು’ ಎನ್ನುತ್ತಿದ್ದ ಗೆಳತಿ ಈಗ ಪೋಪ್‌ಗೂ ಮಿತಿ ಇದೆ ಎನ್ನುತ್ತಾಳೆ. ‘ಎಲ್ಲದಕ್ಕೂ ರೋಮ್ ಯಾಕೆ ಕೈಹಾಕಬೇಕು’ ಎನ್ನುತ್ತಿದ್ದವಳು ಅವರನ್ನು ತೆಗೆದ ದಿನ ಕೇಕ್ ತಂದಳು! ಇವರಿಬ್ಬರೂ ಜಾಗ ಅದಲುಬದಲು ಮಾಡಿಕೊಂಡದ್ದು ಯಾವಾಗ?

ಹಳೇ ಪೂಜೆ:
ಅಕ್ಕ, ನಾನು ಲ್ಯಾಟಿನ್ ಭಾಷೆಯ ಹಳೇ ಕ್ರಮದ ಪೂಜೆಗೆ ಹೋಗುವವನು. ನಾನು ಹೋಗುವಲ್ಲಿ ಅಜ್ಜಂದಿರಿಗಿಂತ ಮಗು ಎತ್ತಿಕೊಂಡ ಜೋಡಿಗಳೇ ಜಾಸ್ತಿ. ಬಿಷಪರನ್ನು ಕೇಳದೆಯೂ ಪಾದ್ರಿಗಳು ಈ ಪೂಜೆ ಅರ್ಪಿಸಬಹುದು ಎಂದು 2007ರಲ್ಲಿ ಆಗಿನ ಪೋಪ್ ಬೆನೆಡಿಕ್ಟ್ ಹೇಳಿದ್ದರು. 2021ರ ಜುಲೈನಲ್ಲಿ ಫ್ರಾನ್ಸಿಸ್ ಬಿಷಪರ ಅನುಮತಿ ಕಡ್ಡಾಯ ಮಾಡಿದರು, ಪ್ಯಾರಿಷ್ ಚರ್ಚ್‌ಗಳಲ್ಲಿ (ಆಯಾ ಊರಿನ ಮಾಮೂಲಿ ಚರ್ಚ್‌ಗಳಲ್ಲಿ) ಬೇಡ ಎಂದರು. ಸ್ಟ್ರಿಕ್‌ಲ್ಯಾಂಡ್ ಅದನ್ನು ಜಾರಿಗೆ ತರಲಿಲ್ಲ. ನಮಗೆ ಅವರು ಆಸರೆಯಾಗಿದ್ದರು. ಟ್ವೀಟ್‌ಗಳು ಬೇಕಿತ್ತಾ? ಬೇಕಿರಲಿಲ್ಲ, ಒಪ್ಪುತ್ತೇನೆ.

ಪುಸ್ತಕದ ಹುಳು:
ಮೇಡಂ, ಈ ಅದಲುಬದಲು ಹಳೆಯದು. 1995ರ ಜನವರಿಯಲ್ಲಿ ಆಗಿನ ಪೋಪ್ ಎರಡನೇ ಜಾನ್ ಪಾಲ್ ಫ್ರಾನ್ಸಿನ ಎವ್ರೂ ಬಿಷಪ್ ಜಾಕ್ ಗೈಯೋ ಅವರನ್ನು ತೆಗೆದರು. ಅವರು ಉದಾರವಾದಿ. ತೆಗೆದು ಪಾರ್ತೇನಿಯಾ ಎಂಬ, ಮರುಭೂಮಿಯಲ್ಲಿ ಕಣ್ಮರೆಯಾದ ಧರ್ಮಪ್ರಾಂತ್ಯದ ಬಿಷಪ್ ಪಟ್ಟ ಕೊಟ್ಟರು! ಅವರು ಸುಮ್ಮನಿರದೆ ಅದೇ ಹೆಸರಲ್ಲಿ ಇಂಟರ್‌ನೆಟ್ಟಿನಲ್ಲಿ ಧರ್ಮಪ್ರಾಂತ್ಯ ಶುರು ಮಾಡಿದರು. 2011ರಲ್ಲಿ ಬೆನೆಡಿಕ್ಟ್ ಆಸ್ಟ್ರೇಲಿಯಾದ ಟೂವೂಂಬಾದಲ್ಲಿ ಬಿಷಪ್ ವಿಲಿಯಂ ಮಾರಿಸ್ ಅವರನ್ನು ತೆಗೆದರು. 2006ರ ಒಂದು ಪತ್ರದಲ್ಲಿ ಅವರು ಮದುವೆಯಾದವರಿಗೆ, ಹೆಂಗಸರಿಗೆ ಗುರುದೀಕ್ಷೆ (ಪಾದ್ರಿ ಪಟ್ಟ) ಕೊಡುವ ಮಾತೆತ್ತಿದ್ದರು. ಆಗ ‘ಅನ್ಯಾಯ’ ಎಂದು ಕೂಗಿದವರು ಉದಾರವಾದಿಗಳು, ‘ವಿಧೇಯತೆ’ ಎಂದವರು ಸಂಪ್ರದಾಯವಾದಿಗಳು.

ಆನೇಕಲ್ ಹುಡುಗ:
ನಿಮ್ಮದು ಪರವಾಗಿಲ್ಲ ಬಿಡಿ. ನಮ್ಮ ಬೆಂಗಳೂರಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ, ಆರ್ಚ್‌ಬಿಷಪ್ ಯಾವ ಭಾಷೆಯವರು ಎಂದೇ ದಶಕಗಳಿಂದ ಜಗಳ.

ಕಾಫಿತೋಟ:
ಪುಸ್ತಕದ ಹುಳು ಅವರೇ, ಹೋದ ಭಾನುವಾರ ಪಾರ್ಕಿಂಗ್‌ನಲ್ಲಿ ಗೈಯೋ ಕಥೆಯನ್ನು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. ಒಬ್ಬಳು, ‘ಅದು ಬೇರೆ ವಿಷಯ’ ಎಂದಳು. ಇನ್ನೊಬ್ಬಳೂ ಅದನ್ನೇ ಹೇಳಿದಳು. ಕಾರು ಇನ್ನೂ ಮೂರೇ.